ಮೂಲೆರಾಯರ ವನವಾಸ

ದಾರಿ ಸಿಕ್ಕಿದ ಕೂಡಲೇ ಹಿಂದಕ್ಕೆ ತಿರುಗುವ ಮನುಷ್ಯರನ್ನು ನೀವು ನೋಡಿರಬಹುದು. ನಮ್ಮ ಬಳಗದಲ್ಲೇ ಒಬ್ಬರಿದ್ದಾರೆ. ಮಿಕ್ಕ ವ್ಯವಹಾರದಲ್ಲೆಲ್ಲ ನೆಟ್ಟಗಿರುವವರೇ. ಬ್ಯಾಂಕಿನ ಕೆಲಸ, ಶಾಲೆಗೆ ಹೋಗುವ ಮಗಳು, ಕಂತು ತೀರುತ್ತ ಬಂದ ಮನೆ. ಆದರೆ ಪ್ರಾಣಿ ಹಿಡಿದು ಕಾದಾಡಿಸುವ ಪೋಕೆಮಾನ್ ಆಟ ಕೈಗೆ ಕೊಟ್ಟು ಕಾಡಿಗೆ ಬಿಟ್ಟಿರೋ, ಮುಗಿಯಿತು. ದಾರಿ ಎರಡಾಗಿ ಒಡೆದ ಕಡೆ ನಿಂತು ಇವುಗಳಲ್ಲಿ ಊರಿಗೆ ಹೋಗದಿರುವುದು ಯಾವುದು ಎಂದು ಲೆಕ್ಕ ಹಾಕುತ್ತಾರೆ. ಅದನ್ನೇ ಹಿಡಿಯುತ್ತಾರೆ. ಅಪ್ಪಿತಪ್ಪಿ ಸರಿದಾರಿಗೆ ಬಿದ್ದರೆ ನಾಲಿಗೆ ಕಚ್ಚಿಕೊಂಡು ವಾಪಸ್ಸು ಬರುತ್ತಾರೆ. ಮನೆಯಲ್ಲಿ ಅವರಿಗೆ ಮೂಲೆರಾಯರು ಎಂದೇ ಹೆಸರು ಬಿದ್ದಿದೆ.

ಅವರ ವನವಾಸ ನಡೆಯುವುದು ವಿರಿಡಿಯನ್ ಫಾರೆಸ್ಟಿನಲ್ಲಿ. 1996ರಲ್ಲಿ ಜಪಾನಿನಲ್ಲಿ ಬಂದ ಮೊದಲ ಪೋಕೆಮಾನ್ ಆಟದಲ್ಲೇ ಇರುವ ಕಾಡು ಇದು. ಜಪಾನೀಯರು ತೋಕಿವಾ ಕಾಡು ಎನ್ನುತ್ತಾರೆ. ವಿರಿಡಿಯನ್ ಪಟ್ಟಣದಿಂದ ಪ್ಯೂಟರ್ ಪಟ್ಟಣಕ್ಕೆ ಹೋಗಬೇಕಾದರೆ ಇದನ್ನು ದಾಟಲೇಬೇಕು. ಇದೊಂದು ಚಕ್ರವ್ಯೂಹ, ಹುಷಾರು ಎಂದು ಬಾಗಿಲಲ್ಲೇ ಎಚ್ಚರಿಸುತ್ತಾರೆ. ನಿಜ ಹೇಳಬೇಕೆಂದರೆ ಅದೇನು ಅಂಥ ದೊಡ್ಡ ಕಾಡಲ್ಲ. ಆಟ ಓಡುವ ಗೇಮ್ ಬಾಯ್ ಯಂತ್ರದ ಪರದೆಯ ಅಗಲ 160 ಚುಕ್ಕಿ, ಎತ್ತರ 144. ಆಟದೊಳಗಿನ ನಮ್ಮ ಹುಡುಗ ಇಡುವ ಒಂದೊಂದು ಹೆಜ್ಜೆಗೂ 16 ಚುಕ್ಕಿ ಬೇಕು. ಅಂದರೆ ಒಂದು ಸಲಕ್ಕೆ ಕಾಣುವುದು ಹತ್ತು ಹೆಜ್ಜೆ ಅಗಲ, ಒಂಬತ್ತು ಹೆಜ್ಜೆ ಎತ್ತರದ ತುಣುಕು ಮಾತ್ರ. ಮರಗಳೋ ಒಂದೇ ಅಚ್ಚಿನವು. ಕಾಡಿನ ಪೂರ್ತಿ ನಕ್ಷೆ ಎದುರಿಗಿಟ್ಟುಕೊಂಡರೆ ದಾರಿಯ ಗುಟ್ಟು ಅಲ್ಲಿಗೇ ರಟ್ಟಾಗುತ್ತದೆ. ಮೂಲೆರಾಯರು ಮಾತ್ರ ನಕ್ಷೆ ನೋಡುವವರನ್ನು ಪರೀಕ್ಷೆಯಲ್ಲಿ ಚೀಟಿ ಇಟ್ಟವರ ಸಾಲಿಗೇ ಸೇರಿಸುತ್ತಾರೆ.

ಅಜ್ಜಿ ಮೆಂತ್ಯ ಸೊಪ್ಪು ಸೋಸುವ ಹಾಗೆ ಇವರು ಕಾಡು ಸೋಸುತ್ತಾರೆ. ನೆಲದ ಮೇಲೆ ಚೆಂಡಿನಂತೆ ಕಾಣುವ ಸಾಮಾನುಗಳು ಸರಿ, ಎಲ್ಲರೂ ಎತ್ತಿಕೊಳ್ಳುತ್ತಾರೆ. ಆದರೆ ಕಣ್ಣಿಗೆ ಕಾಣದೆ ಅಡಗಿಸಿಟ್ಟ, ಗಾಯಕ್ಕೆ ಹಾಕುವ ಒಂದು ಪೋಷನ್ನು, ವಿಷ ಇಳಿಸುವ ಒಂದು ಆಂಟಿಡೋಟು ಈ ಕಾಡಿನಲ್ಲಿವೆ. ಅವು ಎಲ್ಲಿವೆಯೆಂದು ತಿಳಿಯಬೇಕಾದರೆ ಸಿಕ್ಕಸಿಕ್ಕ ಕಡೆ ನಿಂತು ಗುಂಡಿ ಒತ್ತಬೇಕು. ಒತ್ತುತ್ತಾರೆ. ಮರಮರಕ್ಕೂ ಮುಖ ಮಾಡಿ ಒತ್ತುತ್ತಾರೆ. ಎರಡೂ ಸಿಕ್ಕ ಮೇಲೂ ನಿಲ್ಲಿಸುವುದಿಲ್ಲ.

“ಮಾಮಾ, ಮೇಲಕ್ಕೆ ಹೋದ್ರೆ ಊರು ಬಂತು,” ಎನ್ನುತ್ತಾನೆ ಪಕ್ಕದಲ್ಲಿ ಕೂತ ತಂಗಿಯ ಮಗ.

“ಗೊತ್ತು ಕಣೋ. ಅದಕ್ಕೇ ಆ ಕಡೆ ಹೋಗ್ತಿಲ್ಲ.”

“ಅಲ್ಲೇನಿದೆ ಮತ್ತೆ? ಬರೀ ಹುಲ್ಲು.”

“ಏನೂ ಇಲ್ಲ ಅಂತ ನೋಡ್ಕೊಂಡು ಬರೋದು ಬೇಡ್ವಾ?”

ಈ ಮಾತಿಗೆ ಹುಡುಗನಲ್ಲಿ ಉತ್ತರವಿಲ್ಲ. ನನ್ನಲ್ಲೂ ಇಲ್ಲ.

ಕೂಡಿಡುವುದರಲ್ಲಿ ಎಷ್ಟು ಉತ್ಸಾಹವೋ ಖರ್ಚು ಮಾಡುವುದರಲ್ಲಿ ಅಷ್ಟೇ ಸಂಕಟ. ಕಾಡಿನ ವೀಡಲ್ ಎಂಬ ಹುಳು ಮುಳ್ಳು ಚುಚ್ಚಿದರೆ ಒಮ್ಮೊಮ್ಮೆ ವಿಷ ಏರುತ್ತದೆ. ಮೊದಲ ಆಟದಲ್ಲಿ ವಿಷವೇರಿದ ಪ್ರಾಣಿಗೆ ನಾಲ್ಕು ಹೆಜ್ಜೆಗೊಮ್ಮೆ ಒಂದೊಂದು ಅಂಶ ಪ್ರಾಣ ಸೋರುತ್ತದೆ, ಪರದೆ ಮಿಣುಕುತ್ತದೆ. ಆಂಟಿಡೋಟ್ ಹಾಕಿ ಎಂದು ಕಾಡೊಳಗೇ ಫಲಕ ನೆಟ್ಟಿದ್ದಾರೆ. ಅಂಗಡಿಯಲ್ಲಿ ಅದರ ಬೆಲೆ ಬರೀ 100. ರಾಯರ ಚೀಲದಲ್ಲಿ ಅದರ ರಾಶಿಯೇ ಇದೆ. ಹಾಕುವುದಿಲ್ಲ. “ಮುಂದೆ ಬೇಕಾಗುತ್ತೆ” ಅಂತ. ಅವರು ಸಾಕಿದ ಬೆಂಕಿಯ ಪ್ರಾಣಿ ಚಾರ್ಮ್ಯಾಂಡರ್, ಬಡಪಾಯಿ, ಹೆಜ್ಜೆ ಹೆಜ್ಜೆಗೂ ಕುಗ್ಗುತ್ತ ಕಾಡಿನ ಇನ್ನೊಂದು ಮೂಲೆಗೆ ಬರುವಷ್ಟರಲ್ಲಿ ನೆಲ ಕಚ್ಚುತ್ತದೆ. ಜೊತೆಗಿದ್ದವೆಲ್ಲ ಹೀಗೆ ಮಲಗಿದರೆ ಆಟದ ನಿಯಮದಂತೆ ಕೈಯಲ್ಲಿದ್ದ ಹಣದಲ್ಲಿ ಅರ್ಧ ಹೋಗಿ, ಪಯಣ ಮತ್ತೆ ವಿರಿಡಿಯನ್ ಪಟ್ಟಣದ ಆಸ್ಪತ್ರೆಯಿಂದ ಶುರುವಾಗುತ್ತದೆ. 100ರ ಔಷಧ ಉಳಿಸಲು ಹೋಗಿ ಅರ್ಧ ಗಂಟು ಕಳೆದುಕೊಂಡವರಿಗೆ ಬೇಸರವಾಗಬೇಕಲ್ಲವೇ? ಇವರ ಮುಖದಲ್ಲಿ ಕಳೆ ಬರುತ್ತದೆ. ಕಾಡು ಮತ್ತೆ ಮೊದಲಿಂದ ಸಿಕ್ಕಿತಲ್ಲ!

ಇದೇ ಬುದ್ಧಿಯಿಂದ ಅವರು ಮಾಸ್ಟರ್ ಬಾಲನ್ನೂ ಕಾಪಾಡಿಕೊಂಡಿದ್ದಾರೆ. ಯಾವ ಪ್ರಾಣಿಯನ್ನಾದರೂ ಹಿಡಿಯುವ ಆ ಚೆಂಡು ಕಥೆಯಲ್ಲಿ ಒಂದೇ ಒಂದು ಸಿಗುತ್ತದೆ. ಅದಕ್ಕೆ ತಕ್ಕ ಪ್ರಾಣಿ ಇನ್ನೂ ಹುಟ್ಟಿಲ್ಲವೆಂದು ರಾಯರ ಅಭಿಪ್ರಾಯ.

ಕಾಡಿನಲ್ಲಿ ಮೆಟಾಪಾಡ್ ಎಂಬ ಗೂಡುಹುಳುವೊಂದಿದೆ. ಕಾಡಿನಲ್ಲೇ ಹಿಡಿದದ್ದಾದರೆ ಅದಕ್ಕೆ ಬರುವ ವಿದ್ಯೆ ಒಂದೇ, ಮೈ ಗಟ್ಟಿ ಮಾಡಿಕೊಳ್ಳುವುದು. ರಾಯರು ಅದಕ್ಕೆ ಇಂಗ್ಲಿಷ್ ಅಕ್ಷರಗಳಲ್ಲಿ ಕುಂಭಕರ್ಣ ಎಂದು ಹೆಸರಿಡಲು ಹೋದರು. ಹೆಸರಿಗೆ ಹತ್ತೇ ಅಕ್ಷರದ ಮಿತಿ. ಕೊನೆಯದು ಹಿಡಿಸದೆ ಅಪ್ಪಟ ಕನ್ನಡದ ಕುಂಭಕರ್ಣ ಹಿಂದಿ ಧಾರಾವಾಹಿಯ ‘ಕುಂಭಕರ್ಣ್’ ಆಗಿಬಿಟ್ಟ. ಆ ಕೊರಗಿನಲ್ಲೇ ಅವನನ್ನು ಇನ್ನೊಂದು ಕಾಡು ಮೆಟಾಪಾಡಿನ ಎದುರಿಗೆ ನಿಲ್ಲಿಸಿದರು. ಇವನು ಗಟ್ಟಿಯಾದ. ಅದೂ ಗಟ್ಟಿಯಾಯಿತು. ಇವನು ಇನ್ನೂ ಗಟ್ಟಿಯಾದ. ಒಂದೇಟಿಲ್ಲ, ಒಂದು ಗೀರಿಲ್ಲ. ಮೂವತ್ತು ಸಲ ಗಟ್ಟಿಯಾಗಿ ವಿದ್ಯೆ ಖಾಲಿಯಾದ ಮೇಲೆಯೇ ಕುಂಭಕರ್ಣ್ ಮೈ ಕೊಡವಿ ಮುಂದಕ್ಕೆ ಬಿದ್ದದ್ದು. ಓಡಿಹೋಗುವ ಗುಂಡಿ ಅಲ್ಲೇ ಇತ್ತು. ಗೇಮ್ ಬಾಯ್ ಆಟವನ್ನು ಕಂಪ್ಯೂಟರಿನಲ್ಲಿ ಓಡಿಸುವ ಎಮ್ಯುಲೇಟರಿನಲ್ಲಿ ವೇಗ ಹೆಚ್ಚಿಸುವ ಸೌಕರ್ಯವೂ ಇತ್ತು. ಕಾರ್ಟೂನ್ ನೆಟ್‌ವರ್ಕ್‌ನಲ್ಲಿ ಪಿಕಾಚುವನ್ನು ಕಂಡು, ಗೇಮ್ ಬಾಯ್ ಕಾಣದೆ, ಕಂಪ್ಯೂಟರಿನ ಎಮ್ಯುಲೇಟರಿನಲ್ಲೇ ಈ ಆಟ ಕಲಿತ ನಮ್ಮ ಕಡೆಯ ಹುಡುಗರು ವೇಗದ ಗುಂಡಿಯಿಂದ ಬೆರಳೆತ್ತುವುದಿಲ್ಲ. ರಾಯರು ಅದನ್ನು ಮುಟ್ಟಿದವರಲ್ಲ.

“ರೀ, ಆ ಹುಳದ್ ಮುಂದೆ ಎಷ್ಟೊತ್ತು ಕೂತ್ಕೋತೀರಾ?” ಎಂದು ಒಳಗಿನಿಂದ ದನಿ ಬಂದರೆ ಅವರ ಬಳಿ ಒಂದು ಘನವಾದ ಸಮರ್ಥನೆಯಿದೆ. ಈ ಆಟ ಕಟ್ಟಿದ ಸತೋಶಿ ತಾಜಿರಿ ಹುಡುಗನಾಗಿದ್ದಾಗ ತೋಕಿಯೊ ಹೊರವಲಯದ ಮಾಚಿದಾದಲ್ಲಿ ಹುಳು ಹಿಡಿದುಕೊಂಡು ತಿರುಗುತ್ತಿದ್ದವರು. ಗೆಳೆಯರು ಹುಳು ಡಾಕ್ಟರು ಎಂದು ಛೇಡಿಸುತ್ತಿದ್ದರು. ಹೊಲ, ಕೊಳಗಳ ಮೇಲೆ ಕಟ್ಟಡ ಎದ್ದವು, ಹುಳುಗಳು ಹೋದವು. ಮುಂದಿನ ಮಕ್ಕಳಿಗೂ ಹುಳು ಹಿಡಿಯುವ ಸುಖ ಸಿಗಲೆಂದು ಅವರು ಈ ಆಟ ಮಾಡಿದರು. ಇಷ್ಟನ್ನೂ ಹೇಳಿ ರಾಯರು, “ಇದು ಪರಿಸರದ ಪಾಠ ಕಣೇ,” ಎನ್ನುತ್ತಾರೆ. ಹಿತ್ತಲಲ್ಲಿ ಕಂಬಳಿಹುಳು ಕಂಡರೆ ಮಾತ್ರ ಪೊರಕೆ ಹಿಡಿದು ಬರಬೇಕಾದವರು ಅವರ ಹೆಂಡತಿ.

ಇನ್ನು ಕರೆಂಟಿನ ಜಾತಿಯ ಪಿಕಾಚು. ಮೊದಲ ಆಟದ ರೆಡ್ ಆವೃತ್ತಿಯ ಈ ಕಾಡಿನಲ್ಲಿ ಅದು ಎದುರಾಗುವ ಸಂಭವ ನೂರಕ್ಕೆ ಐದು. ಮಿಕ್ಕದ್ದೆಲ್ಲ ಹುಳು, ಹುಳುವಿನ ಗೂಡು. ಅದು ಸಿಗುವ ತನಕ ಹುಲ್ಲಿನಲ್ಲಿ ಹಿಂದಕ್ಕೂ ಮುಂದಕ್ಕೂ ಶತಪಥ ಹಾಕಿ, ಕೊನೆಗೂ ಹಿಡಿದು, ಮನೆಮಂದಿಗೆಲ್ಲ ತೋರಿಸಿ, ರಾಯರು ಪ್ಯೂಟರ್ ಪಟ್ಟಣದಲ್ಲಿ, ಗೆದ್ದವರಿಗೆ ಪದಕ ಕೊಡುವ ಬ್ರಾಕ್ ಎದುರು ನಿಂತರು. ಅವನ ಹತ್ತಿರ ಇರುವುದು ಜಿಯೋಡ್ಯೂಡ್ ಮತ್ತು 14ನೇ ಮಟ್ಟದ ಆನಿಕ್ಸ್. ಎರಡೂ ಕಲ್ಲಿನ ಜೊತೆಗೆ ನೆಲದ ಜಾತಿಯವೂ ಹೌದು. ನೆಲದ ಜಾತಿಗೆ ಕರೆಂಟು ತಟ್ಟುವುದೇ ಇಲ್ಲ. ಮನೆಗೆ ಅರ್ತಿಂಗ್ ಹಾಕಿಸಿದ ಗೃಹಸ್ಥರಿಗೆ ಇದು ಹೊಳೆಯಬೇಕಿತ್ತು. ಪಿಕಾಚು ಮಿಂಚು ಬಿಟ್ಟೇ ಬಿಟ್ಟಿತು, ಆನಿಕ್ಸ್ ಕದಲಲಿಲ್ಲ. ಚಾರ್ಮ್ಯಾಂಡರಿನ ಬೆಂಕಿಯೂ ಬಂಡೆಯ ಮೇಲೆ ಅಷ್ಟಕ್ಕಷ್ಟೇ.

ತಂಗಿಯ ಮಗ ಮಾತ್ರ ಕಾಡಿಗೆ ಕಾಲಿಟ್ಟೊಡನೆ ಸಿಕ್ಕ ಕ್ಯಾಟರ್ಪಿಯನ್ನೇ ಬೆಳೆಸಿದ್ದ. 7ನೇ ಮಟ್ಟಕ್ಕೆ ಗೂಡು, 10ಕ್ಕೆ ಚಿಟ್ಟೆ, 12ಕ್ಕೆ ಮನಸ್ಸು ಕಲಕುವ ಕನ್ಫ್ಯೂಷನ್ ವಿದ್ಯೆ. ಚಿಟ್ಟೆಯೊಂದು ಬಂಡೆಗಳನ್ನು ಉರುಳಿಸಿ ಪದಕ ತಂದಿತು. ರಾಯರು ಅದನ್ನು ನೋಡಿ, “ಒಳ್ಳೇದಾಯ್ತು ಬಿಡು, ನಾನೂ ಒಂದು ಕ್ಯಾಟರ್ಪಿ ಹಿಡ್ಕೊಂಡ್ ಬರ್ತೀನಿ,” ಎಂದು ಕಾಡಿಗೆ ಹಿಂತಿರುಗಿದರು.

1999ರಲ್ಲಿ ಬಂದ ಗೋಲ್ಡ್ ಮತ್ತು ಸಿಲ್ವರ್ ಆಟಗಳ ಹೆಸರೆತ್ತಿದರೆ ಅವರ ಗಂಟಲು ಕಟ್ಟುತ್ತದೆ. ಅದರಲ್ಲಿ ಇಲೆಕ್ಸ್ ಎಂಬ ಹೊಸ ಕಾಡುಂಟು, ಇದ್ದಿಲು ಸುಡುವವನ ತಪ್ಪಿಸಿಕೊಂಡ ಹಕ್ಕಿಯನ್ನು ಅಲ್ಲಿ ಅಟ್ಟಾಡಿಸಿ ಹಿಡಿದುಕೊಡುವ ಕೆಲಸವೂ ಉಂಟು. ಆದರೆ ಆಟದ ಕೊನೆಯ ಭಾಗದಲ್ಲಿ ಹಳೆಯ ಸೀಮೆಗೆ ಬಂದು ನೋಡಿದರೆ ವಿರಿಡಿಯನ್ ಕಾಡೇ ಇಲ್ಲ! ಚಕ್ರವ್ಯೂಹವಿದ್ದ ಕಡೆ ನಾಲ್ಕು ಮರ, ಒಂದು ರಸ್ತೆ. ಗಾಡಿ ಹೋಗುವಷ್ಟು ನೇರ ದಾರಿ ನೋಡಿ ಮಿಕ್ಕವರು ನೆಮ್ಮದಿಯಾಗಿ ದಾಟಿದರು, ಇವರು ಸೂತಕ ಬಂದವರ ಹಾಗೆ ಕೂತರು. ಗೋಲ್ಡ್ ಆಟದ ಹೊಸ ರೂಪವಾದ 2009ರ ಹಾರ್ಟ್‌ಗೋಲ್ಡ್‌ನಲ್ಲಿ ಕಾಡು ಮರಳಿ ಬಂದ ಮೇಲೆಯೇ ಸಮಾಧಾನ.

ನಿಮ್ಮ ಮನೆಯಲ್ಲೂ ಇಂಥವರೊಬ್ಬರು ಇದ್ದರೆ ದಾರಿ ಹೇಳಿಕೊಡಲು ಹೋಗಬೇಡಿ, ಇಬ್ಬರಿಗೂ ನಷ್ಟ. ಊಟಕ್ಕೆ ಕರೆಯುವಾಗ ಸೇವ್ ಮಾಡಿಕೊಳ್ಳಲು ಒಂದು ನಿಮಿಷ ಬಿಡಿ. ಅವರು ಎದ್ದು ಹೋದಾಗ ಕೈ ತುರಿಸಿತೆಂದು ಹೊಸ ಆಟ ಶುರುಮಾಡಿ, ಅದರ ಮೇಲೆ ಸೇವ್ ಮಾತ್ರ ಒತ್ತಬೇಡಿ. ರಾಯರ ಆ ಮೊದಲ ಆಟದಲ್ಲಿ ಸೇವ್ ಮಾಡಲು ಇರುವ ಜಾಗ ಒಂದೇ.