ಕೆಂಪು ಜೋಡಿನ ಮನೆ

ಸಿನಿಮಾದವರ ಹಳೇ ಮನೆ ನೋಡುವ ಚಟ ನಮ್ಮ ಯಜಮಾನರಿಗೆ ಮೊದಲಿನಿಂದಲೂ ಇದೆ. ತಾಳವಾಡಿ ಹತ್ತಿರದ ಗಾಜನೂರಿಗೆ ಹೋಗಿ, ಅಣ್ಣಾವ್ರು ಇನ್ನೂ ಮುತ್ತುರಾಜನಾಗಿದ್ದಾಗಿನ ಹೆಂಚಿನ ಮನೆಗೆ ಕೈಮುಗಿದು ಬಂದವರು. ಹಾಗಾಗಿ ಮಿನಿಯಾಪೊಲಿಸ್‌ನಲ್ಲಿರುವ ಮಗಳು, "ಗ್ರ್ಯಾಂಡ್ ರಾಪಿಡ್ಸ್ ಅಂತ ಊರಿದೆ ಅಪ್ಪ, ಮೂರು ಗಂಟೆ ಡ್ರೈವು. ಜೂಡಿ ಗಾರ್ಲೆಂಡ್ ಚಿಕ್ಕವಳಿದ್ದಾಗ ಇದ್ದ ಮನೇನ ಮ್ಯೂಸಿಯಂ ಮಾಡಿದಾರೆ" ಎಂದಾಗ, ಜೂಡಿ ಯಾರು ಎಂದು ಕೇಳುವ ಮೊದಲೇ ಸ್ವೆಟರ್ ತೊಟ್ಟು ನಿಂತರು.

ಜೂಡಿ ಯಾರೆಂಬುದನ್ನು ಕಾರಿನಲ್ಲಿ ಅಳಿಯ ವಿವರಿಸಿದ. 1922ರಲ್ಲಿ ಹುಟ್ಟಿದಾಗ ಫ್ರಾನ್ಸೆಸ್ ಎಥೆಲ್ ಗಮ್. ಅಪ್ಪ ಊರಿನ ಥಿಯೇಟರ್ ನಡೆಸುತ್ತಿದ್ದರು, ಅಮ್ಮ ಅಲ್ಲೇ ಪಿಯಾನೊ ನುಡಿಸುತ್ತಿದ್ದರು. 1924ರ ಕ್ರಿಸ್‌ಮಸ್ ಹೊತ್ತಿಗೆ ಎರಡೂವರೆ ವರ್ಷದ ಈ ಕೂಸು ಆ ರಂಗದ ಮೇಲೇರಿ 'ಜಿಂಗಲ್ ಬೆಲ್ಸ್' ಹಾಡಿತು. ಮುಗಿಸಿ ಇಳಿಯಿತೇ? ಇಲ್ಲ. ಮತ್ತೆ ಅದನ್ನೇ ಹಾಡಿತು, ಮತ್ತೂ ಹಾಡಿತು. ಕೊನೆಗೆ ಮನೆಯವರೇ ಬಂದು ಎತ್ತಿಕೊಂಡು ಹೋಗಬೇಕಾಯಿತಂತೆ. ಶಾಲಾ ವಾರ್ಷಿಕೋತ್ಸವಗಳಲ್ಲಿ ಮೂವತ್ತು ವರ್ಷ ಮುಖ್ಯ ಅತಿಥಿಗಳ ಭಾಷಣ ಕೇಳಿದ ನನಗೆ ಈ ಪದ್ಧತಿ ಬಹಳ ಹಿಡಿಸಿತು.

"1939ರ 'ದಿ ವಿಜರ್ಡ್ ಆಫ್ ಆಜ್'ನಲ್ಲಿ ಡೊರೊಥಿ ಇವಳೇ ಮಾವ" ಎಂದ ಅಳಿಯ. ಯಜಮಾನರು ಬಹಳ ದಿನದ ಪರಿಚಯ ಎಂಬಂತೆ ತಲೆಯಾಡಿಸಿದರು.

ಮರದ, ಬಿಳಿ ಬಣ್ಣದ ಎರಡಂತಸ್ತಿನ ಮನೆ. ನಮ್ಮ ಮೈಸೂರಿನ ಹಳೇ ಬಡಾವಣೆಯ ಯಾವುದೇ ಮನೆ ಇದಕ್ಕಿಂತ ಠೀವಿಯಾಗಿರುತ್ತದೆ. ನಾಲ್ಕು ದಿಕ್ಕಿನಿಂದಲೂ ಫೋಟೊ ತೆಗೆದಾದ ಮೇಲೆ ಮಗಳು ಹೇಳಿದಳು: ಮನೆ ಮೊದಲು ಇಲ್ಲಿರಲಿಲ್ಲ, ಬುಡಸಮೇತ ಎತ್ತಿ ತಂದು ಹೀಗೆ ಹೆದ್ದಾರಿ ಪಕ್ಕ ಕೂರಿಸಿದ್ದಾರೆ. ಯಜಮಾನರ ಮುಖ ಇಳಿಯಿತು. "ಹಾಗಾದ್ರೆ ಆ ಮಗು ಆಡಿದ ಮಣ್ಣು?" ಅದು ಹಳೇ ಜಾಗದಲ್ಲೇ ಇದೆ, ಅದಕ್ಕೆ ಟಿಕೆಟ್ಟಿಲ್ಲ.

ಆಕೆ ಈ ಊರಲ್ಲಿ ಇದ್ದದ್ದಾದರೂ ಎಷ್ಟು ದಿನ? 1926ರಲ್ಲೇ ಸಂಸಾರ ಕ್ಯಾಲಿಫೋರ್ನಿಯಾಕ್ಕೆ ಗಂಟುಮೂಟೆ ಕಟ್ಟಿತ್ತು. ಜೂಡಿ ಗಾರ್ಲೆಂಡ್ ಎಂಬ ಹೆಸರು ಬಂದದ್ದೂ ಆಮೇಲೆಯೇ. ನಾಲ್ಕು ವರ್ಷದ ಮಗು ಏನು ತಾನೇ ಬಿಟ್ಟು ಹೋದೀತು? ಆದ್ದರಿಂದ ಮನೆಯೊಳಗೆ ನೋಡುವುದೆಲ್ಲ ಅಂದಾಜಿನ ಭಕ್ತಿ. ಇಂಥ ಒಲೆ ಇದ್ದಿರಬಹುದು, ಇಂಥ ಮಂಚದಲ್ಲಿ ಮಲಗಿರಬಹುದು. ಮೆಟ್ಟಿಲ ತಿರುವನ್ನೇ ರಂಗ ಮಾಡಿಕೊಂಡು ಮೂವರು ಅಕ್ಕತಂಗಿಯರೂ ಹಾಡಿ ಕುಣಿಯುತ್ತಿದ್ದರಂತೆ. ಯಜಮಾನರು ಅಲ್ಲಿ ಕಣ್ಣುಮುಚ್ಚಿ ನಿಂತರು. ಹಿಂದಿನಿಂದ ಬರುತ್ತಿದ್ದ ಅಮೆರಿಕನ್ ಅಜ್ಜಿ ಪಾಪ, ಇವರಿಗೆ ತಲೆಸುತ್ತು ಬಂದಿದೆ ಎಂದುಕೊಂಡು ತೋಳು ಹಿಡಿದುಕೊಂಡರು.

ಮ್ಯೂಸಿಯಂ ಭಾಗದಲ್ಲಿ ಸಿನಿಮಾದ ಸಾರೋಟು ಇದೆ. ಅದು ಹಿಂದೆ ಅಬ್ರಹಾಂ ಲಿಂಕನ್ನರದಾಗಿತ್ತು ಎಂಬ ಪ್ರತೀತಿಯೂ ಇದೆ. ಚಿತ್ರದಲ್ಲಿ ಅದನ್ನೆಳೆಯುವ ಕುದುರೆ ಗಳಿಗೆಗೊಂದು ಬಣ್ಣಕ್ಕೆ ತಿರುಗಬೇಕಲ್ಲ, ಅದಕ್ಕೆ ಕುದುರೆಗಳಿಗೆ ಜೆಲ್ಲಿ ಪುಡಿ ಬಳಿದರಂತೆ. ಕ್ಯಾಮೆರಾ ಸಿದ್ಧವಾಗುವಷ್ಟರಲ್ಲಿ ಕುದುರೆಗಳು ತಮ್ಮ ಮೇಕಪ್ಪನ್ನು ತಾವೇ ನೆಕ್ಕಿಬಿಡುತ್ತಿದ್ದವಂತೆ.

ಇಷ್ಟೆಲ್ಲ ಇದ್ದರೂ ಈ ಜಾಗದ ಹೆಸರು ಜಗತ್ತಿಗೆಲ್ಲ ಗೊತ್ತಾದದ್ದು ಅಲ್ಲಿಲ್ಲದ ಒಂದು ವಸ್ತುವಿನಿಂದ. ಡೊರೊಥಿಯ ಕೆಂಪು ಶೂಗಳು. ಮೂಲ ಕಾದಂಬರಿಯಲ್ಲಿ ಅವು ಬೆಳ್ಳಿಯವು; ಆಗ ತಾನೇ ಮೆರೆಯುತ್ತಿದ್ದ ಟೆಕ್ನಿಕಲರ್‌ನಲ್ಲಿ ಎದ್ದು ಕಾಣಲೆಂದು ಚಿತ್ರದವರು ಕೆಂಪು ಮಾಡಿದರು. ಮಾಣಿಕ್ಯದ ಶೂ ಎಂದು ಹೆಸರು, ಮೈತುಂಬ ಇರುವುದು ಚಮಕಿ. ಸಂಗ್ರಾಹಕರೊಬ್ಬರು ಪ್ರದರ್ಶನಕ್ಕೆಂದು ಕೊಟ್ಟಿದ್ದ ಒಂದು ಜೊತೆಯನ್ನು 2005ರ ಆಗಸ್ಟ್‌ನ ಒಂದು ರಾತ್ರಿ ಯಾರೋ ಬಾಗಿಲ ಗಾಜು, ಪೆಟ್ಟಿಗೆಯ ಗಾಜು ಎರಡನ್ನೂ ಒಡೆದು ಎತ್ತಿಕೊಂಡು ಹೋದರು. ಉಳಿದದ್ದು ಒಂದೇ ಒಂದು ಕೆಂಪು ಚಮಕಿ.

ದೇವಸ್ಥಾನದ ಮುಂದೆ ಚಪ್ಪಲಿ ಕಳೆದುಕೊಳ್ಳುವುದರಲ್ಲಿ ನಮ್ಮ ಯಜಮಾನರದು ದೊಡ್ಡ ಅನುಭವ. ಅವರ ದುಃಖ ಅರ್ಧ ಗಂಟೆಯದು. ಬರಿಗಾಲಲ್ಲಿ ಮನೆ ಸೇರಿ ಬಾಟಾಕ್ಕೆ ಹೊರಟರೆ ಮುಗಿಯಿತು. ಇಲ್ಲಿ ಊರಿಗೆ ಊರೇ ಹುಡುಕಿತು. 2015ರಲ್ಲಂತೂ ನೀರು ತುಂಬಿದ ಹಳೇ ಅದಿರು ಗಣಿಗೆ ಮುಳುಗುಗಾರರನ್ನೇ ಇಳಿಸಿದರು. ಅಭಿಮಾನಿಯೊಬ್ಬರು ಸುಳಿವು ಕೊಟ್ಟವರಿಗೆ ಹತ್ತು ಲಕ್ಷ ಡಾಲರ್ ಬಹುಮಾನ ಸಾರಿದರು. 2018ರಲ್ಲಿ ಎಫ್‌ಬಿಐನವರು ಶೂ ಹಿಡಿದದ್ದು ಮಾತ್ರ ನಮ್ಮ ಮಗಳಿರುವ ಮಿನಿಯಾಪೊಲಿಸ್‌ನಲ್ಲಿ.

ನನಗೆ ಎಲ್ಲಕ್ಕಿಂತ ಇಷ್ಟವಾದದ್ದು ಕಳ್ಳನ ಕಥೆ. ಅವನು ಆ ಸಿನಿಮಾವನ್ನೇ ನೋಡಿದವನಲ್ಲ. ಅಷ್ಟು ಬೆಲೆಯ ಶೂ ಎಂದ ಮೇಲೆ ಕಲ್ಲುಗಳು ಅಸಲಿ ಮಾಣಿಕ್ಯವೇ ಇರಬೇಕೆಂದು ಲೆಕ್ಕ ಹಾಕಿದ್ದ. ಕದ್ದ ಮಾಲು ಕೊಳ್ಳುವವನಿಗೆ ತೋರಿಸಿದರೆ, ಬರೀ ಗಾಜು ಕಣಯ್ಯಾ ಎಂಬ ಉತ್ತರ ಬಂತು. ಸಿಟ್ಟಿನಲ್ಲಿ ಎರಡು ದಿನವೂ ಇಟ್ಟುಕೊಳ್ಳದೆ ಕೈದಾಟಿಸಿದ. 2023ರಲ್ಲಿ ತಪ್ಪೊಪ್ಪಿಕೊಂಡಾಗ ಅವನಿಗೆ 76 ವರ್ಷ, ಹಾಸಿಗೆ ಹಿಡಿಯುವ ಕಾಯಿಲೆ. ನ್ಯಾಯಾಲಯ ಜೈಲಿಗೆ ಕಳಿಸಲಿಲ್ಲ. ಕದ್ದ ಅಂಗಡಿಯಲ್ಲೇ ಮೋಸ ಹೋದವನ ಮೇಲೆ ಇನ್ನೇನು ಕೋಪ ಮಾಡಿಕೊಳ್ಳುವುದು?

ಇನ್ನೂ ಒಂದಿದೆ. ಸಿಕ್ಕ ಶೂ ಅಸಲಿಯೋ ನಕಲಿಯೋ ನೋಡಲು ವಾಷಿಂಗ್ಟನ್ನಿನ ಸ್ಮಿತ್‌ಸೋನಿಯನ್‌ನಲ್ಲಿರುವ ಜೊತೆಯ ಪಕ್ಕ ಇಟ್ಟರು. ನೋಡಿದರೆ ಇದರ ಎಡಗಾಲು ಅದರದು, ಅದರ ಎಡಗಾಲು ಇದರದು! ಕಾವಲು, ಗಾಜಿನ ಪೆಟ್ಟಿಗೆ, ವಿಮೆ ಎಲ್ಲ ಇಟ್ಟುಕೊಂಡು ದೊಡ್ಡವರು ಕಾಪಾಡಿದ್ದು ಅದಲುಬದಲಾದ ಜೋಡನ್ನು. ಯಜಮಾನರಿಗೆ ಆ ಸುದ್ದಿ ಕೇಳಿ ಅಮೆರಿಕದ ಮೇಲೆ ಮೊದಲ ಬಾರಿ ಆತ್ಮೀಯತೆ ಹುಟ್ಟಿತು.

2024ರ ಡಿಸೆಂಬರ್‌ನಲ್ಲಿ ಆ ಶೂ ಹರಾಜಿಗೆ ಬಂತು. ಹೇಗಾದರೂ ಊರಿಗೆ ವಾಪಸು ತರಬೇಕೆಂದು ಮಿನ್ನೆಸೋಟ ರಾಜ್ಯ ಸರ್ಕಾರವೇ ಮ್ಯೂಸಿಯಂಗೆ ಒಂದು ಲಕ್ಷ ಡಾಲರ್ ಕೊಟ್ಟಿತ್ತು. ಕೂಗು ನಿಂತದ್ದು 2 ಕೋಟಿ 80 ಲಕ್ಷ ಡಾಲರಿಗೆ. ಹರಾಜಿನವರ ಕಮಿಷನ್ ಸೇರಿ 3 ಕೋಟಿ 25 ಲಕ್ಷ. ಅಳಿಯ ಫೋನಿನಲ್ಲಿ ರೂಪಾಯಿಗೆ ಇಳಿಸಿ 270 ಕೋಟಿಗೂ ಮೇಲೆ ಎಂದ. "ಒಂದು ಜೊತೇಗಾ?" ಎಂದು ನಾನು ಕೇಳಿದ ದನಿಗೆ ಪಕ್ಕದಲ್ಲಿದ್ದ ಮಕ್ಕಳು ಬೆಚ್ಚಿದರು.

ಹೊರಡುವ ಮುಂಚೆ ಮ್ಯೂಸಿಯಂನ ಅಂಗಡಿ. ಮೊಮ್ಮಗಳು ಕೆಂಪಗೆ ಮಿನುಗುವ ಪುಟಾಣಿ ಶೂ ಹಿಡಿದು ಕೂತುಬಿಟ್ಟಳು. ಯಜಮಾನರು ಅದನ್ನು ಕಿಟಕಿಯ ಬೆಳಕಿಗೆ ಹಿಡಿದು, ತಿರುಗಿಸಿ, ಉಗುರಲ್ಲಿ ಒಂದು ಚಮಕಿ ಕೆರೆದು ನೋಡಿದರು. ಆಮೇಲೆ ಮಗಳ ಕಡೆ ತಿರುಗಿ, "ಇದು ಗಾಜೇ ತಾನೇ, ಒಂದ್ಸಲ ಕೇಳಮ್ಮ" ಎಂದರು. ಗಲ್ಲಾದ ಹಿಂದಿದ್ದ ಹೆಂಗಸು ನಕ್ಕು, ಗಾಜೂ ಅಲ್ಲ, ಪ್ಲಾಸ್ಟಿಕ್ ಎಂದರು.

"ಹಾಗಾದ್ರೆ ಧೈರ್ಯವಾಗಿ ತಗೋಬಹುದು" ಎಂದು ಯಜಮಾನರು ಅಳಿಯನ ಕಾರ್ಡು ಕೊಟ್ಟರು.