ಪಾರ್ಸಲ್ಲಿಗೂ ಭಕ್ಷೀಸು!

(ಗಂಗಾವತಿಯ ಒಂದು ಹೋಟೆಲಿನ ಗಲ್ಲಾ. ಸಂಜೆ. ಬಿಸಿ ಮಿರ್ಚಿಯ ವಾಸನೆ.)

ಮಾಸ್ತರ್: ನಾಕು ಪ್ಲೇಟ್ ಮಂಡಾಳ ವಗ್ಗರಣಿ, ಎಂಟು ಮಿರ್ಚಿ ಪಾರ್ಸಲ್. ಎಷ್ಟಾತ್ರಿ ಸಾವ್ಕಾರ್ರ?

ಸಾವ್ಕಾರ್: ಬಿಲ್ಲಿನಾಗ ಐತಿ ನೋಡ್ರಿ.

ಮಾಸ್ತರ್: ಡಬ್ಬಿಗೆ ಬ್ಯಾರೆ ರೊಕ್ಕ ತಗೊಂಡೀರಿ. ಕೆಳಗ ‘ಸೇವಾ ಶುಲ್ಕ’ ಅಂತೈತಲ್ಲ, ಯಾವ ಸೇವಾರಿ?

ಸಾವ್ಕಾರ್: ಅಮೆರಿಕಾದಾಗ ಪಾರ್ಸಲ್ಲಿಗೂ ರೊಕ್ಕ ಕಟ್ಟೂ ಮಷೀನೇ ಕೇಳತೈತಂತ್ರಿ, ಭಕ್ಷೀಸು ಎಷ್ಟು ಹಾಕ್ಲಿ ಅಂತ!

ಮಾಸ್ತರ್: ಕುಷ್ಟಗಿ, ಯಲಬುರ್ಗಾ ದಾಟೂದರಾಗ ಅಮೆರಿಕಾ ಮುಟ್ಟೀರಲ್ಲ! ಪಾಳಿ ಹಚ್ಚಿದವ ನಾನು, ಚೀಲ ತಂದವ ನಾನು, ಮನಿಗೆ ಹೊತ್ತೊಯ್ಯಾವ ನಾನು. ಲೆಕ್ಕಾ ಮಾಡಿದ್ರ ಭಕ್ಷೀಸು ನೀವ ನನಗ ಕೊಡಬೇಕು.

ಸಾವ್ಕಾರ್: ಚ್ಯಾಷ್ಟಿ ಬ್ಯಾಡ್ರಿ. ಕಾಯ್ದೆ ಪ್ರಕಾರ...

ಮಾಸ್ತರ್: ಕಾಯ್ದೆ ಕೇಳ್ರಿ. ಬಿಲ್ಲಿಗೆ ತಾನಾಗೇ ಸೇವಾ ಶುಲ್ಕ ಹಚ್ಚಂಗಿಲ್ಲ, ಬ್ಯಾರೆ ಹೆಸರಿನಾಗೂ ವಸೂಲಿ ಮಾಡಂಗಿಲ್ಲ ಅಂತ ಕೇಂದ್ರ ಗ್ರಾಹಕ ಸಂರಕ್ಷಣಾ ಪ್ರಾಧಿಕಾರ 2022ರ ಜುಲೈದಾಗ ಹೇಳೈತಿ. 2025ರ ಮಾರ್ಚಿನಾಗ ದೆಹಲಿ ಹೈಕೋರ್ಟೂ ಅದನ್ನ ಎತ್ತಿಹಿಡದೈತಿ. ಗ್ರಾಹಕ ಸಹಾಯವಾಣಿ 1915ಕ್ಕ ಫೋನ್ ಹಚ್ಚಲೇನು?

ಸಾವ್ಕಾರ್: (ಸೇವಾ ಶುಲ್ಕದ ಸಾಲಿನ ಮೇಲೆ ಗೆರೆ ಎಳೆದು) ತಗೋರಿ, ಸೇವಾ ಪುಕ್ಕಟೆ!

ಮಾಸ್ತರ್: (ಇಪ್ಪತ್ತರ ನೋಟು ತೆಗೆದು) ಇದು ಬಾಣಲಿ ಮುಂದ ಬೆವರು ಸುರಿಸಾಕತ್ತಾವಗ.

ಸಾವ್ಕಾರ್: ಗಲ್ಲಾದಾಗ ಹಾಕ್ರಿ, ನಾನೇ ಮುಟ್ಟಸ್ತೀನಿ.

ಮಾಸ್ತರ್: ಅದಕ್ಕ ಅಂಜಿ ಅವನ ಕೈಯಾಗ ಕೊಡ್ತೀನಿ.

ಓದುಗರೇ, ಭಕ್ಷೀಸು ನಿಮ್ಮ ಮನಸ್ಸಿಗೆ ಬಿಟ್ಟದ್ದು. ಕೊಡುವುದಾದರೆ ಗಲ್ಲಾ ದಾಟಿ ಹೋಗಿ, ದುಡಿದ ಕೈಗೇ ಕೊಡಿ.