ಮುಳುಗೆದ್ದವರ ಮೊದಲ ಪೋಸ್ಟ್

ಮೊನ್ನೆ ಮೊನ್ನೆಯವರೆಗೆ ಪ್ರೋಟೀನ್ ಪುಡಿಗೆ ರಿಯಾಯಿತಿ ಕೋಡ್ ಹಂಚುತ್ತಿದ್ದ ದನಿ ಈಗ ಒಂದು ಸ್ಥಾಯಿ ಕೆಳಗಿಳಿದಿದೆ. ‘ಹಾಯ್ ಫ್ರೆಂಡ್ಸ್’ ಹೋಗಿ ‘ಆತ್ಮಬಂಧುಗಳೇ’ ಬಂದಿದೆ. ಬೆನ್ನ ಹಿಂದೆ ಮಿರುಗುತ್ತಿದ್ದ ಕೆಂಪು ಕಾರಿನ ಜಾಗದಲ್ಲಿ ಹಿತ್ತಾಳೆಯ ದೀಪ. ರೀಲ್ ವಿರಾಗಿಗೆ ಸಾಕ್ಷಾತ್ಕಾರವಾಗಿದೆ! ಕಣ್ಣು ಮುಚ್ಚಿ ಧ್ಯಾನಕ್ಕೆ ಕುಳಿತರೂ ಕ್ಯಾಮೆರಾ ಯಾವ ಕೆನ್ನೆಯ ಕಡೆಗಿದೆ ಎಂಬ ಅರಿವು ತಪ್ಪುವುದಿಲ್ಲ. ಈಜುಕೊಳದ ಹಳೆಯ ಫೋಟೊಗಳನ್ನೆಲ್ಲ ಅಳಿಸಿಹಾಕಿದ್ದಾರೆ. ಆ ಫೋಟೊಗಳು ದುಡಿದುಕೊಟ್ಟ ಫಾಲೋವರ್‌ಗಳನ್ನು ಮಾತ್ರ ತ್ಯಜಿಸಿಲ್ಲ.

ದೇವರು ಯಾರಾದರೇನು, ಲಕ್ಷಣ ಒಂದೇ.

ಈ ಕುಲದ ಹಿರಿಯಣ್ಣ ಇಂಗ್ಲೆಂಡಿನ ಹಾಸ್ಯನಟ ರಸೆಲ್ ಬ್ರ್ಯಾಂಡ್. 2010ರಲ್ಲಿ ರಾಜಸ್ಥಾನದ ರಣಥಂಬೋರ್ ಬಳಿ ಗಾಯಕಿ ಕೇಟಿ ಪೆರ್ರಿಯನ್ನು ಮದುವೆಯಾದ ಕಾಲಕ್ಕೆ ಆತನಿಗೆ ಯೋಗ, ಧ್ಯಾನ, ಹರೇ ಕೃಷ್ಣ ಭಕ್ತರ ಒಡನಾಟ. 2014ಕ್ಕೆ ‘ರೆವಲ್ಯೂಷನ್’ ಎಂಬ ಪುಸ್ತಕ ಬರೆದು ಕ್ರಾಂತಿಕಾರಿ. ಆಮೇಲೆ ಯೂಟ್ಯೂಬಿನಲ್ಲಿ ಜಗತ್ತಿನ ಗುಪ್ತ ಸಂಚುಗಳ ವ್ಯಾಖ್ಯಾನಕಾರ. 2023ರ ಸೆಪ್ಟೆಂಬರಿನಲ್ಲಿ ಹಲವು ಮಹಿಳೆಯರ ಲೈಂಗಿಕ ದೌರ್ಜನ್ಯದ ಆರೋಪಗಳು ಬ್ರಿಟಿಷ್ ಪತ್ರಿಕೆಗಳಲ್ಲಿ ಬಂದವು. ಆತ ಅವನ್ನು ಅಲ್ಲಗಳೆದರು, ಪ್ರಕರಣ ಮುಂದೆ ನ್ಯಾಯಾಲಯದ ಮೆಟ್ಟಿಲೇರಿತು. 2024ರ ಏಪ್ರಿಲಿನಲ್ಲಿ ಥೇಮ್ಸ್ ನದಿಯಲ್ಲಿ ಮುಳುಗಿ ದೀಕ್ಷಾಸ್ನಾನ ಪಡೆದು ಕ್ರೈಸ್ತರಾದರು. ವರ್ಷ ತುಂಬುವ ಮೊದಲೇ, ವೈಫೈ ಅಲೆಗಳಿಂದ ಕಾಪಾಡುವ ತಾಯಿತವೊಂದರ ಜಾಹೀರಾತಿನಲ್ಲಿ ಕಾಣಿಸಿಕೊಂಡರು. ಬೆಲೆ ಸುಮಾರು 240 ಡಾಲರ್. ನಮ್ಮ ಸಂತೆಗಳಲ್ಲಿ ತಾಯಿತ ಮಾರುವವರು ಇದನ್ನು ಕೇಳಿದರೆ ತಮ್ಮ ಪೆದ್ದುತನಕ್ಕೆ ತಾವೇ ತಲೆ ಚಚ್ಚಿಕೊಂಡಾರು.

ನದಿಸ್ನಾನದ ಈ ಕಲೆ ಹಳೆಯದೇ. ಬೆಳಗಿನ ಚಳಿಯಲ್ಲಿ ನಡುಗುತ್ತ ಹೊಳೆಯಲ್ಲಿ ಮಿಂದು ಪಕ್ಕದವರನ್ನು ಬೆರಗುಗೊಳಿಸುವ ಡಾಂಭಿಕರನ್ನು ಪುರಂದರದಾಸರು ಹದಿನಾರನೆಯ ಶತಮಾನದಲ್ಲೇ ಹಾಡಿನಲ್ಲಿ ಹಿಡಿದು ಜಾಡಿಸಿದ್ದಾರೆ. ಆಗ ಪಕ್ಕದಲ್ಲಿ ಹತ್ತಿಪ್ಪತ್ತು ಜನ ಇದ್ದಿರಬಹುದು. ಈಗ ಪಕ್ಕದವರೆಲ್ಲ ಫೋನಿನೊಳಗಿದ್ದಾರೆ, ಅವರ ತಲೆ ಎಣಿಸಲು ಯಂತ್ರವೂ ಇದೆ.

2025ರ ಪ್ರಯಾಗರಾಜ್ ಮಹಾಕುಂಭದಲ್ಲಿ ಈ ಸುಗ್ಗಿ ಜೋರಾಗಿತ್ತು. ಅಖಾಡದ ರಥವೇರಿದ ಆ್ಯಂಕರ್ ಒಬ್ಬರನ್ನು ‘ಸುಂದರ ಸಾಧ್ವಿ’ ಎಂದು ಮೆರೆಸಿದ ಜನವೇ ಸಂಜೆಯೊಳಗೆ ಅವರ ಹಳೆಯ ವಿಡಿಯೊಗಳನ್ನು ಹೆಕ್ಕಿ ತೆಗೆದು ಹರಡಿತು. ‘ನಾನು ಸಾಧ್ವಿಯೇ ಅಲ್ಲ’ ಎಂದು ಅವರೇ ಹೇಳಬೇಕಾಯಿತು. ತೊಂಬತ್ತರ ದಶಕದ ನಟಿ ಮಮತಾ ಕುಲಕರ್ಣಿ ಜನವರಿ 24ರಂದು ತನ್ನ ಪಿಂಡ ತಾನೇ ಇಟ್ಟುಕೊಂಡು ಕಿನ್ನರ ಅಖಾಡದ ಮಹಾಮಂಡಲೇಶ್ವರರಾದರು. ವಾರದೊಳಗೆ ವಜಾ ಘೋಷಣೆ, ಫೆಬ್ರವರಿಯಲ್ಲಿ ರಾಜೀನಾಮೆ, ಕೆಲವೇ ದಿನಗಳಲ್ಲಿ ಮತ್ತೆ ಅದೇ ಪೀಠ. ರಾಜ್ಯ ಸಚಿವ ಸಂಪುಟಗಳಿಗೂ ಇಷ್ಟು ಚುರುಕು ಸಾಧ್ಯವಾಗಿಲ್ಲ.

ಜನರ ಅನುಮಾನ ಯಾವಾಗಲೂ ನ್ಯಾಯದ್ದೇನಲ್ಲ. 2019ರಲ್ಲಿ ನಂಬಿಕೆಯ ಕಾರಣ ಹೇಳಿ ಸಿನಿಮಾ ಬಿಟ್ಟ ‘ದಂಗಲ್’ನ ಝೈರಾ ವಸೀಂ ಕೂಡ ಬೇಕಷ್ಟು ಮಾತು ಕೇಳಿದರು. ಮರುವರ್ಷ ಅವರು ಅಭಿಮಾನಿಗಳಲ್ಲಿ ಬೇಡಿಕೊಂಡದ್ದು, ನಿಮ್ಮ ಪುಟಗಳಲ್ಲಿರುವ ನನ್ನ ಚಿತ್ರಗಳನ್ನು ತೆಗೆದುಹಾಕಿ ಎಂದು. ಇಂಥ ಬೇಡಿಕೆ ರೀಲ್ ವಿರಾಗಿಯ ಕನಸಿನಲ್ಲೂ ಸುಳಿಯದು.

ಆದರೆ ವಿರಾಗಿಯನ್ನು ಸಾಕುವವರು ಭಕ್ತರಷ್ಟೇ ಅಲ್ಲ. ‘ಎಲ್ಲ ನಾಟಕ ಕಣ್ರೀ’ ಎನ್ನುವವರೇ ಪ್ರತಿ ಅಂಕವನ್ನೂ ತಪ್ಪದೆ ನೋಡಿ, ನಾಲ್ಕು ಜನಕ್ಕೆ ಕಳಿಸುತ್ತಾರೆ. ಐಐಟಿ ಬಾಂಬೆಯಲ್ಲಿ ಏರೋಸ್ಪೇಸ್ ಓದಿ ಕುಂಭದಲ್ಲಿ ‘ಐಐಟಿ ಬಾಬಾ’ ಎನಿಸಿದ ಅಭಯ್ ಸಿಂಗ್‌ರನ್ನು ಜೂನಾ ಅಖಾಡ ಹೊರಹಾಕಿದ ಮೇಲೂ ಮೈಕುಗಳು ಬೆನ್ನು ಬಿಡಲಿಲ್ಲ. ಕೊನೆಗೆ ಕ್ರಿಕೆಟ್ ಭವಿಷ್ಯವನ್ನೂ ಕೇಳಿದವು. ಪಾಕಿಸ್ತಾನದೆದುರು ಭಾರತ ಸೋಲುತ್ತದೆ ಎಂದರು ಬಾಬಾ. ಫೆಬ್ರವರಿ 23ರಂದು ದುಬೈಯಲ್ಲಿ ಕೊಹ್ಲಿ ಅಜೇಯ ಶತಕ ಬಾರಿಸಿದರು, ಭಾರತ 6 ವಿಕೆಟ್‌ಗಳಿಂದ ಗೆದ್ದಿತು. ಆ ರಾತ್ರಿ ಬಾಬಾರನ್ನು ಗೇಲಿ ಮಾಡಿದ ಮೀಮ್‌ಗಳು ಕೊಹ್ಲಿಯ ಕವರ್ ಡ್ರೈವ್‌ಗಳ ಜೊತೆಜೊತೆಗೇ ಓಡಾಡಿದವು.